ಕಾಡು ಬೆಳೆದ ಕುಲುಮೆ ನೆಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಒಂದು ಕಾಲಕ್ಕೆ ಕಬ್ಬಿಣ ಕರಗಿಸಿದ, ಸುಣ್ಣ ಸುಟ್ಟ, ಅದಿರು ತೋಡಿದ ಎಷ್ಟೋ ಜಾಗಗಳ ಮೇಲೆ ಈಗ ಕಾಡು ಬೆಳೆದಿದೆ. ಅಂಥ ಕಾಡುದಾರಿಗಳಲ್ಲಿ ನಡೆಯುವವರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಕೊಟ್ಟಿದ್ದೇವೆ.

ಪ್ರಶ್ನೆ: "ಈ ಕಾಡಿನಲ್ಲಿ ಹಿಂದೆ ಕೈಗಾರಿಕೆ ಇತ್ತು" ಎಂದು ಫಲಕ ಹೇಳುತ್ತದೆ. ಆದರೆ ನಡೆದಷ್ಟೂ ಮರಗಳೇ. ಗೋಡೆ, ಚಿಮಣಿ ಏನೂ ಕಾಣುವುದಿಲ್ಲ. ಏನನ್ನು ನೋಡಬೇಕು?

ಉತ್ತರ: ಗೋಡೆ ಹುಡುಕುವುದನ್ನು ಬಿಟ್ಟು ನೆಲದ ಏರಿಳಿತ ನೋಡಿ. ಕೆಲಸ ನಿಂತ ಮೇಲೆ ಕಲ್ಲು, ಇಟ್ಟಿಗೆ, ಕಬ್ಬಿಣವನ್ನೆಲ್ಲ ಜನ ಬೇರೆ ಕಟ್ಟಡಗಳಿಗೆ ಹೊತ್ತೊಯ್ದಿರುತ್ತಾರೆ. ಅಗೆದ ಮಣ್ಣು, ಪೇರಿಸಿದ ಮಣ್ಣು, ಮಟ್ಟ ಮಾಡಿದ ಮಣ್ಣು ಮಾತ್ರ ಇದ್ದಲ್ಲೇ ಉಳಿಯುತ್ತದೆ. ಇಳಿಜಾರಿನಲ್ಲಿ ತಾನಾಗಿ ಸಮತಟ್ಟು ಜಾಗ ಉಂಟಾಗುವುದು ಅಪರೂಪ. ಗುಡ್ಡದ ಪಕ್ಕೆಯಲ್ಲಿ ಮೇಲೂ ಏರದೆ ಕೆಳಗೂ ಇಳಿಯದೆ ಸಾಗುವ ಗೆರೆ ಕಂಡರೆ ಅದು ಬಹುಮಟ್ಟಿಗೆ ಕಾಲುವೆ ಅಥವಾ ಹಳಿದಾರಿ.

ಗುಂಡಿಗಳ ವಿಷಯದಲ್ಲಿ ಹೆಚ್ಚು ಜನ ಎಡವುತ್ತಾರೆ. ಬೇರುಸಮೇತ ಮರ ಉರುಳಿದಲ್ಲೂ ಗುಂಡಿ ಬೀಳುತ್ತದೆ, ಆದರೆ ಅದರ ದಿಬ್ಬ ಬೇರು ಎದ್ದ ಒಂದು ಬದಿಗೆ ಮಾತ್ರ ಇರುತ್ತದೆ. ನೆಲ ತಾನಾಗಿ ಕುಸಿದ ಗುಂಡಿಗೆ ಅಂಚಿನಲ್ಲಿ ದಿಬ್ಬವೇ ಇರುವುದಿಲ್ಲ, ಏಕೆಂದರೆ ಮಣ್ಣು ಹೊರಗೆ ಬಂದಿಲ್ಲ, ಒಳಗೆ ಹೋಗಿದೆ. ಸುತ್ತಲೂ ಬಳೆಯ ಹಾಗೆ ದಿಬ್ಬವಿದ್ದರೆ ಯಾರೋ ಮಣ್ಣನ್ನು ಮೇಲಕ್ಕೆತ್ತಿ ಸುತ್ತ ಚೆಲ್ಲಿದ್ದಾರೆ ಎಂದೇ ಅರ್ಥ.

ಎಲೆ ಉದುರಿದ ಕಾಲದಲ್ಲಿ, ಬೆಳಿಗ್ಗೆ ಬೇಗ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಅರ್ಧ ಅಡಿ ಎತ್ತರದ ಏರಿಯೂ ಆಗ ನೆರಳಿನಿಂದ ಎದ್ದು ಕಾಣುತ್ತದೆ, ನಡುಹಗಲಿನಲ್ಲಿ ಅದೇ ಮಾಯವಾಗುತ್ತದೆ. ಒಂದು ಕುರುಹು ಸಿಕ್ಕಿತೆನ್ನಿ, ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಕಚ್ಚಾವಸ್ತು ಎಲ್ಲಿಂದ ಬಂತು, ಉರುವಲು ಎಲ್ಲಿತ್ತು, ನೀರು ಎಲ್ಲಿತ್ತು, ತಯಾರಾದ ಸರಕು ಯಾವ ದಾರಿಯಲ್ಲಿ ಹೋಯಿತು. ಒಂದಕ್ಕೆ ಉತ್ತರ ಸಿಕ್ಕರೆ ಉಳಿದ ಮೂರನ್ನು ಯಾವ ದಿಕ್ಕಿನಲ್ಲಿ ಹುಡುಕಬೇಕು ಎಂಬುದು ತಿಳಿಯುತ್ತದೆ. ಮುಂದಿನ ಉತ್ತರಗಳಲ್ಲೂ ಇದೇ ದಾರಿ ಹಿಡಿದಿದ್ದೇವೆ.

ಪ್ರಶ್ನೆ: ಇಳಿಜಾರಿನಲ್ಲಿ ದುಂಡಗಿನ ಸಮತಟ್ಟು ಜಾಗಗಳು ಅಲ್ಲಲ್ಲಿ ಸಿಗುತ್ತವೆ. ಗುಡಿಸಲು ಹಾಕಿದ್ದರೇ?

ಉತ್ತರ: ಅಡ್ಡಳತೆ 5ರಿಂದ 10 ಮೀಟರ್ ಇದ್ದು, ಮೇಲ್ಬದಿಯಲ್ಲಿ ದರೆ ಕಡಿದು, ಆ ಮಣ್ಣನ್ನೇ ಕೆಳಬದಿಗೆ ತುಂಬಿ ಮಟ್ಟ ಮಾಡಿದ್ದರೆ ಅದು ಇದ್ದಿಲು ಸುಟ್ಟ ತಟ್ಟು. ಮೊಲ, ಹಂದಿ ಕೆದಕಿದ ಕಡೆಯೋ ಕಾಲುದಾರಿ ಸವೆದ ಕಡೆಯೋ ಮಣ್ಣು ನೋಡಿ. ಸುತ್ತಲಿನ ಮಣ್ಣು ಕಂದಾಗಿದ್ದು ಇಲ್ಲಿಯದು ಮಾತ್ರ ಕಪ್ಪಗಿರುತ್ತದೆ, ಬೆರಳಲ್ಲಿ ತಿಕ್ಕಿದರೆ ಮಸಿ ಹತ್ತುತ್ತದೆ, ನಡುವೆ ಉಗುರಿನಷ್ಟು ಇದ್ದಿಲ ಚೂರುಗಳು. ಚೂರಿನ ಅಡ್ಡ ಮುರಿದ ಮುಖವನ್ನು ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿದರೆ ಮರದ ವರ್ಷದ ಉಂಗುರಗಳೂ ನಾಳಗಳ ತೂತುಗಳೂ ಹಾಗೇ ಉಳಿದಿರುತ್ತವೆ. ಉಂಗುರದ ಬಾಗು ಬಿಗಿಯಾಗಿದ್ದರೆ ಸುಟ್ಟದ್ದು ತೆಳು ಕೊಂಬೆ, ಬಹುತೇಕ ನೇರವಾಗಿದ್ದರೆ ದಪ್ಪ ದಿಮ್ಮಿ.

ಕೆಲಸ ನಡೆಯುತ್ತಿದ್ದುದು ಹೀಗೆ. ಒಂದಳತೆಗೆ ಕಡಿದ ಕಟ್ಟಿಗೆಯನ್ನು ನಡುವಿನ ಗೂಟದ ಸುತ್ತ ಗುಮ್ಮಟವಾಗಿ ಒಟ್ಟಿ, ಮೇಲೆ ಜರಿಗಿಡ ಅಥವಾ ಹುಲ್ಲು ಹೊದಿಸಿ, ಅದರ ಮೇಲೆ ಮಣ್ಣು ಮೆತ್ತುತ್ತಿದ್ದರು. ಗೂಟ ಕಿತ್ತ ತೂತಿನಿಂದ ಕೆಂಡ ಹಾಕಿ ಬಾಯಿ ಮುಚ್ಚಿದರೆ ಒಳಗೆ ಕಟ್ಟಿಗೆ ಉರಿಯದೆ ಬೇಯುತ್ತದೆ. ಮೊದಲು ಬರುವುದು ದಟ್ಟ ಬಿಳಿ ಹೊಗೆ, ಅದು ನೀರಾವಿ. ಹೊಗೆ ತೆಳುವಾಗಿ ನೀಲಿಗೆ ತಿರುಗಿದರೆ ಇದ್ದಿಲಾಗಿದೆ ಎಂದು ಗಾಳಿಕಿಂಡಿಗಳನ್ನು ಮುಚ್ಚುತ್ತಿದ್ದರು. ಇದಕ್ಕೆ ಹಲವು ದಿನ ಹಿಡಿಯುತ್ತದೆ, ರಾತ್ರಿಯೂ ಕಾಯಬೇಕು. ಮಣ್ಣು ಎಲ್ಲಾದರೂ ಬಿರಿದು ಗಾಳಿ ನುಗ್ಗಿದರೆ ಒಟ್ಟಿದ್ದೆಲ್ಲ ಬೂದಿ. ಪೂರ್ತಿ ಆರುವ ಮೊದಲೇ ಬಿಚ್ಚಿದರೂ ಗಾಳಿ ತಗುಲಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ತಟ್ಟಿನ ಹತ್ತಿರ ನೀರಿನ ಸೆಲೆಯೂ ಕಾವಲು ಗುಡಿಸಲಿನ ಚಿಕ್ಕ ಮಟ್ಟವೂ ಇರುವುದುಂಟು. ನೀವು ಕೇಳಿದ ಗುಡಿಸಲು ಅಲ್ಲಿರಬಹುದು, ದೊಡ್ಡ ತಟ್ಟಿನ ಮೇಲಲ್ಲ.

ಇದನ್ನು ಕುಲುಮೆಯ ಬಳಿ ಮಾಡದೆ ಕಾಡಿನಲ್ಲೇ ಮಾಡಿದ್ದೇಕೆ? ಒಂದು ಕಿಲೋ ಇದ್ದಿಲಿಗೆ ಸುಮಾರು 4ರಿಂದ 6 ಕಿಲೋ ಕಟ್ಟಿಗೆ ಬೇಕು. ಅಷ್ಟು ಭಾರ ಸಾಗಿಸುವ ಬದಲು ಸುಟ್ಟು ಹಗುರ ಮಾಡಿ ಸಾಗಿಸುವುದು ಲಾಭ. ಆದರೆ ಇದ್ದಿಲು ಗಾಡಿಯ ಕುಲುಕಾಟಕ್ಕೆ ಪುಡಿಯಾಗುತ್ತದೆ, ಪುಡಿ ಕುಲುಮೆಯಲ್ಲಿ ಗಾಳಿಯ ಹಾದಿ ಕಟ್ಟುತ್ತದೆ. ಆದ್ದರಿಂದ ತುಂಬ ದೂರ ಒಯ್ಯುತ್ತಿರಲಿಲ್ಲ. ತಟ್ಟುಗಳು ಗುಂಪಾಗಿ ಸಿಕ್ಕ ಕಾಡಿನ ಕೆಳಗಿನ ಕಣಿವೆಯಲ್ಲಿ ಕುಲುಮೆ ಹುಡುಕಿ.

ಪ್ರಶ್ನೆ: ಹಳ್ಳದ ದಂಡೆಯಲ್ಲಿ ಕಪ್ಪು, ಭಾರವಾದ ಕಲ್ಲುಗಳು ಸಿಕ್ಕವು. ಇನ್ನೊಂದು ಕಡೆ ಹಸಿರು ಗಾಜಿನಂಥ ಗಟ್ಟಿಗಳು. ಎರಡೂ ಕಬ್ಬಿಣದ ಕಿಟ್ಟವೇ?

ಉತ್ತರ: ಎರಡೂ ಕಿಟ್ಟ ಇರಬಹುದು, ಆದರೆ ಎರಡು ಬೇರೆ ಬೇರೆ ವಿಧಾನದ್ದು. ಈ ವ್ಯತ್ಯಾಸ ಕಲಿತರೆ ಇಡೀ ಕಣಿವೆಯನ್ನೇ ಓದಬಹುದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಹಳೆಯ ಚಿಕ್ಕ ಕುಲುಮೆಯಲ್ಲಿ ಶಾಖ ಸುಮಾರು 1,100ರಿಂದ 1,250 ಡಿಗ್ರಿ ಸೆಲ್ಸಿಯಸ್. ಅಲ್ಲಿ ಕಬ್ಬಿಣ ಕರಗುವುದಿಲ್ಲ, ಸ್ಪಂಜಿನಂಥ ಮುದ್ದೆಯಾಗಿ ಕೂಡುತ್ತದೆ. ಕರಗುವುದು ಕಲ್ಮಶ. ಅದನ್ನು ಕುಲುಮೆಯ ಬುಡದ ತೂತಿನಿಂದ ಹೊರಗೆ ಹರಿಬಿಡುತ್ತಿದ್ದರು. ಅದಿರಿನ ಕಬ್ಬಿಣದಲ್ಲಿ ದೊಡ್ಡ ಪಾಲು ಈ ಕಿಟ್ಟದಲ್ಲೇ ಸೇರಿಹೋಗುತ್ತಿತ್ತು. ಅದಕ್ಕೇ ಅದು ಕಪ್ಪು ಅಥವಾ ಬೂದುಗಪ್ಪು, ಗಾತ್ರಕ್ಕೆ ಮೀರಿದ ಭಾರ. ತುಂಡನ್ನು ತಿರುಗಿಸಿ ನೋಡಿ. ಮೇಲ್ಮೈಯಲ್ಲಿ ಮೇಣದಬತ್ತಿಯಿಂದ ಇಳಿದ ಮೇಣದ ಹಾಗೆ ಒಂದರ ಮೇಲೊಂದು ಹರಿದ ಎಳೆಗಳು, ಕೆಳಮೈಯಲ್ಲಿ ಅದು ಬಿದ್ದ ಮರಳು, ಹರಳುಗಳ ಅಚ್ಚು. ಹರಿದ ದಿಕ್ಕು ಕೂಡ ಎಳೆಗಳಿಂದ ಗೊತ್ತಾಗುತ್ತದೆ.

ಹಸಿರು, ನೀಲಿ, ಬೂದು ಬಣ್ಣದ ಗಾಜಿನಂಥದ್ದು ಎತ್ತರದ ಊದುಕುಲುಮೆಯ ಕಿಟ್ಟ. ಅಲ್ಲಿ ಶಾಖ ಹೆಚ್ಚು, ಕಬ್ಬಿಣವೂ ಕರಗಿ ದ್ರವವಾಗುತ್ತದೆ, ಕಲ್ಮಶ ತೆಗೆಯಲು ಸುಣ್ಣಕಲ್ಲು ಬೆರೆಸುತ್ತಿದ್ದುದುಂಟು. ಕಬ್ಬಿಣ ಬಹುಪಾಲು ಬೇರೆಯಾಗುವುದರಿಂದ ಕಿಟ್ಟ ಹಗುರ, ಒಡೆದ ಅಂಚು ಚೂಪು, ಒಳಗೆ ಗುಳ್ಳೆಗಳು. ಬರಿಗೈಯಲ್ಲಿ ಮುರಿಯಲು ಹೋಗಬೇಡಿ, ಕೈ ಕುಯ್ಯುತ್ತದೆ.

ಈಗ ಜಾಗದ ಮಾತು. ಚಿಕ್ಕ ಕುಲುಮೆಯ ತಿದಿಯನ್ನು ಕೈಯಿಂದಲೋ ಕಾಲಿನಿಂದಲೋ ಒತ್ತಬಹುದು, ಹಾಗಾಗಿ ಅದು ನೀರಿನಿಂದ ದೂರದ ಗುಡ್ಡದ ಮೇಲೂ ಇರಬಹುದು. ಊದುಕುಲುಮೆ ಹೊತ್ತಿಸಿದರೆ ತಿಂಗಳುಗಟ್ಟಲೆ ಹಗಲುರಾತ್ರಿ ಉರಿಯಬೇಕು. ನಡುವೆ ಗಾಳಿ ನಿಂತರೆ ಒಳಗಿನ ದ್ರವ ಗಟ್ಟಿಯಾಗಿ, ಕುಲುಮೆಯನ್ನೇ ಒಡೆಯಬೇಕಾಗುತ್ತದೆ. ಅಷ್ಟು ಬಿಡುವಿಲ್ಲದ ಗಾಳಿಗೆ ನೀರಿನ ಚಕ್ರ ಬೇಕು, ಚಕ್ರಕ್ಕೆ ಕೆರೆ ಬೇಕು. ಆದ್ದರಿಂದ ಗಾಜಿನಂಥ ಕಿಟ್ಟ ಸಿಕ್ಕ ಕಡೆ ಹಳ್ಳದಗುಂಟ ಮೇಲಕ್ಕೆ ಹೋಗಿ, ಕಣಿವೆಗೆ ಅಡ್ಡಲಾಗಿ ಮಣ್ಣಿನ ಏರಿ ಇದೆಯೇ ನೋಡಿ. ಈಗ ಏರಿ ಒಡೆದು, ಕೆರೆಯ ಜಾಗದಲ್ಲಿ ಜೌಗು ಮರಗಳು ಬೆಳೆದಿರಬಹುದು.

ಒಂದು ಎಚ್ಚರಿಕೆ: ಹಳ್ಳದಲ್ಲಿ ಸಿಕ್ಕ ತುಂಡು ಮೇಲಿನಿಂದ ತೇಲಿ ಉರುಳಿ ಬಂದದ್ದಿರಬಹುದು. ರಸ್ತೆಗೆ ಹಾಸಲೆಂದು ದೂರದಿಂದ ತಂದು ಸುರಿದ ಕಿಟ್ಟವೂ ಉಂಟು. ಒಂದು ತುಂಡನ್ನು ನಂಬಬೇಡಿ, ರಾಶಿಯನ್ನು ನಂಬಿ.

ಪ್ರಶ್ನೆ: ಕಮ್ಮಾರಸಾಲೆ ಇದ್ದ ಜಾಗ ಗುರುತಿಸಲು ಅಯಸ್ಕಾಂತ ಸಾಕೆನ್ನುತ್ತಾರೆ, ನಿಜವೇ?

ಉತ್ತರ: ಕಾದ ಕಬ್ಬಿಣವನ್ನು ಬಡಿದಾಗ ಮೇಲಿನ ತುಕ್ಕಿನ ಪೊರೆ ತೆಳುವಾದ ಚಕ್ಕೆಗಳಾಗಿ ಸಿಡಿಯುತ್ತದೆ. ಒಂದೆರಡು ಮಿಲಿಮೀಟರಿನ, ಕಪ್ಪುನೀಲಿ ಹೊಳಪಿನ ಚಕ್ಕೆಗಳು. ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಸುತ್ತಲೇ ಇವು ಒತ್ತಾಗಿ ಬಿದ್ದಿರುತ್ತವೆ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ಕಾಲುದಾರಿಯ ಸಡಿಲ ಮಣ್ಣಿನ ಮೇಲೆ ಆಡಿಸಿ, ಬಿಳಿ ಕಾಗದದ ಮೇಲೆ ಹಿಡಿದು ಅಯಸ್ಕಾಂತವನ್ನು ಚೀಲದಿಂದ ಹೊರಗೆಳೆಯಿರಿ, ಹಿಡಿದದ್ದೆಲ್ಲ ಉದುರುತ್ತದೆ. ಚಪ್ಪಟೆ ಚಕ್ಕೆ ಇದ್ದರೆ ಬಡಿತದ ಕೆಲಸ ನಡೆದಿದೆ. ದುಂಡನೆಯ ಕಪ್ಪು ಮರಳಿನ ಕಣ ಮಾತ್ರ ಇದ್ದರೆ ಅದು ಪ್ರಕೃತಿಯಲ್ಲೇ ಸಿಗುವ ಅಯಸ್ಕಾಂತ ಅದಿರಿರಬಹುದು. ನೋಡಿದ ಮೇಲೆ ಅಲ್ಲೇ ಚೆಲ್ಲಿ. ಅಗೆಯಬೇಡಿ.

ಪ್ರಶ್ನೆ: ಒಣಗಿದ ಕಾಲುವೆಯೊಂದು ಕಲ್ಲು ಕಟ್ಟಿದ ಇಕ್ಕಟ್ಟಾದ ಗುಂಡಿಯಲ್ಲಿ ಮುಗಿಯುತ್ತದೆ. ಗಿರಣಿಯ ಚಕ್ರ ಇದ್ದ ಜಾಗವೇ? ಎಷ್ಟು ದೊಡ್ಡದಿತ್ತು ಎಂದು ಹೇಗೆ ಹೇಳುವುದು?

ಉತ್ತರ: ಹೌದು, ಅದು ಚಕ್ರದ ಗುಂಡಿ. ಅದರ ಅಗಲ ಚಕ್ರದ ಅಗಲಕ್ಕಿಂತ ಸ್ವಲ್ಪವೇ ಹೆಚ್ಚಿರುತ್ತದೆ. ಪಕ್ಕದ ಗೋಡೆಯಲ್ಲಿ ಬಿಲ್ಲಿನಂತೆ ಬಾಗಿದ ಗೀರುಗಳಿವೆಯೇ ನೋಡಿ. ಅಚ್ಚಿನ ಬೇರಿಂಗು ಸವೆದು ಚಕ್ರ ವಾಲಿದಾಗ ಗೋಡೆಗೆ ಉಜ್ಜಿ ಆದದ್ದು ಅದು. ಗೀರಿನ ಎರಡು ತುದಿಗಳ ನಡುವೆ ನೇರ ದಾರ ಹಿಡಿದು ಉದ್ದ ಅಳೆಯಿರಿ. ದಾರದ ನಡುಭಾಗದಿಂದ ಗೀರಿನವರೆಗಿನ ಆಳ ಅಳೆಯಿರಿ. ಉದ್ದದ ವರ್ಗವನ್ನು ಆಳದ ಎಂಟರಷ್ಟರಿಂದ ಭಾಗಿಸಿ, ಆಳದ ಅರ್ಧ ಕೂಡಿಸಿದರೆ ತ್ರಿಜ್ಯ. ದಾರ 2 ಮೀಟರ್, ಆಳ 25 ಸೆಂಟಿಮೀಟರ್ ಎಂದಾದರೆ: 4ನ್ನು 2ರಿಂದ ಭಾಗಿಸಿ 2, ಅದಕ್ಕೆ 0.125 ಸೇರಿಸಿ 2.125 ಮೀಟರ್. ಚಕ್ರದ ಅಡ್ಡಳತೆ ಸುಮಾರು ನಾಲ್ಕೂಕಾಲು ಮೀಟರ್.

ಶಕ್ತಿಯ ಲೆಕ್ಕಕ್ಕೆ ಹರಿವು ಬೇಕು. ನಿಮ್ಮ ಕಾಲುವೆ ಒಣಗಿದೆ, ಆದರೆ ಅದಕ್ಕೆ ನೀರು ಕೊಟ್ಟ ಹಳ್ಳ ಹರಿಯುತ್ತಿರಬೇಕು, ಅಲ್ಲಿ ಅಳೆಯಿರಿ. ಒಂದು ಎಲೆ ಬಿಟ್ಟು 5 ಮೀಟರ್ ತೇಲಲು ಎಷ್ಟು ಸೆಕೆಂಡ್ ಬೇಕು ನೋಡಿ. 10 ಸೆಕೆಂಡಾದರೆ ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ತಳದಲ್ಲಿ ನೀರು ನಿಧಾನ, ಆದ್ದರಿಂದ 0.85ರಿಂದ ಗುಣಿಸಿ. ನೀರಿನ ಅಗಲ 60 ಸೆಂ.ಮೀ., ಆಳ 20 ಸೆಂ.ಮೀ. ಇದ್ದರೆ ಹರಿವು ಸೆಕೆಂಡಿಗೆ ಸುಮಾರು 50 ಲೀಟರ್. ಅದು 4 ಮೀಟರ್ ಬಿದ್ದರೆ 9.81 × 50 × 4, ಅಂದರೆ 2 ಕಿಲೋವ್ಯಾಟಿಗೆ ಕೊಂಚ ಕಡಿಮೆ. ಮೇಲಿನಿಂದ ನೀರು ಬೀಳುವ ಚಕ್ರ ಇದರಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಹಿಡಿಯುತ್ತದೆ. ಕೆಳಗೆ ನೀರು ತಳ್ಳುವ ಚಕ್ರ ಒಟ್ಟು ಶಕ್ತಿಯ ಮೂರನೇ ಒಂದರಷ್ಟು ಹಿಡಿಯುವುದೂ ಕಷ್ಟ. ಇಂಗ್ಲೆಂಡಿನ ಎಂಜಿನಿಯರ್ ಜಾನ್ ಸ್ಮೀಟನ್ ಮಾದರಿ ಚಕ್ರಗಳಲ್ಲಿ ಅಳೆದು 1759ರಲ್ಲಿ ಇದನ್ನು ತೋರಿಸಿದರು. ಮೇಲಿನಿಂದ ನೀರು ಬೀಳಿಸಲೆಂದೇ ಅಷ್ಟು ಉದ್ದದ ಕಾಲುವೆ ಕಡಿದು ಎತ್ತರ ಉಳಿಸಿಕೊಳ್ಳುವ ಶ್ರಮ ಪಟ್ಟಿದ್ದಾರೆ. ಕಾಲುವೆಯ ಇಳಿತ ತೀರಾ ಕಡಿಮೆ, 500 ಮೀಟರಿಗೆ ಒಂದು ಮೀಟರ್ ಇರುವುದೂ ಉಂಟು. ಹೆಚ್ಚು ಇಳಿಸಿದರೆ ನೀರು ದಂಡೆ ಕೊರೆಯುತ್ತದೆ, ಎತ್ತರವೂ ವ್ಯರ್ಥ. ತೀರಾ ಮಟ್ಟ ಮಾಡಿದರೆ ಹೂಳು ತುಂಬುತ್ತದೆ.

ಪ್ರಶ್ನೆ: ನಡೆಯುವ ದಾರಿ ಹಳೆಯ ಗಾಡಿದಾರಿಯೋ, ಹಳಿ ಹಾಕಿದ ಟ್ರಾಮ್ ದಾರಿಯೋ ತಿಳಿಯುವುದು ಹೇಗೆ?

ಉತ್ತರ: ಗಾಡಿದಾರಿ ನೆಲ ಏರಿದಲ್ಲಿ ಏರುತ್ತದೆ, ಇಳಿದಲ್ಲಿ ಇಳಿಯುತ್ತದೆ. ಹಳಿದಾರಿ ದಿಣ್ಣೆಯನ್ನು ಕಡಿದು, ತಗ್ಗನ್ನು ತುಂಬಿ, ಒಂದೇ ಇಳಿಜಾರು ಕಾಯ್ದುಕೊಳ್ಳುತ್ತದೆ, ತಿರುವುಗಳೂ ನಿಧಾನ. ಜೊತೆಗಾರರನ್ನು 30 ಮೀಟರ್ ಮುಂದೆ ನಿಲ್ಲಿಸಿ. 50ಕ್ಕೆ 1ರ ಇಳಿಜಾರಾದರೆ ಅವರು ನಿಮಗಿಂತ 60 ಸೆಂ.ಮೀ. ಕೆಳಗೆ ನಿಂತಿರುತ್ತಾರೆ. ಫೋನಿನ ಮಟ್ಟಗೋಲನ್ನು ಮಾತ್ರ ನೆಚ್ಚಬೇಡಿ. 100ಕ್ಕೆ 1 ಅಂದರೆ ಬರೀ 0.57 ಡಿಗ್ರಿ, ಫೋನು ಅಷ್ಟು ತಪ್ಪು ತೋರಿಸುವುದು ಸಾಮಾನ್ಯ.

ಎರಡು ಸಾಲಾಗಿ, ಸುಮಾರು ಒಂದು ಮೀಟರಿಗೊಂದರಂತೆ ಚೌಕ ಕಲ್ಲುಗಳು ಹೂತಿದ್ದು, ಅವುಗಳ ಮೇಲೆ ಕೊರೆದ ತೂತಿದ್ದರೆ ಅವು ಹಳಿಗಳನ್ನು ಹೊತ್ತ ಕಲ್ಲಿನ ಸ್ಲೀಪರ್. ತೂತಿಗೆ ಮರದ ಬೆಣೆ ಬಡಿದು ಅದರಲ್ಲಿ ಮೊಳೆ ಹೊಡೆಯುತ್ತಿದ್ದರು. ಒಂದೇ ತೂತಿದ್ದರೆ ಸಾಮಾನ್ಯವಾಗಿ ಮಡಿಚಿದ ಅಂಚಿನ ಹಳೆಯ ತಗಡುಹಳಿ. ಎರಡೋ ನಾಲ್ಕೋ ಇದ್ದರೆ ಹಳಿಯನ್ನು ಕಚ್ಚಿಹಿಡಿಯುವ ಕಬ್ಬಿಣದ ಪೀಠ. ಎರಡು ಸಾಲಿನ ನಡುವೆ ಅಡ್ಡಪಟ್ಟಿ ಇಲ್ಲದ್ದರಿಂದ ಕುದುರೆ ಎಡವದೆ ನಡೆಯುತ್ತಿತ್ತು. ಭಾರದ ಎಂಜಿನುಗಳು ಬಂದ ಮೇಲೆ ಇದೇ ಕುತ್ತಾಯಿತು. ಒಂದೊಂದು ಕಲ್ಲು ಒಂದೊಂದು ರೀತಿ ಕುಸಿದು ಹಳಿಗಳ ನಡುವಿನ ಅಂತರ ತಪ್ಪುತ್ತಿತ್ತು, ಹಾಗಾಗಿ ಎರಡೂ ಹಳಿಯನ್ನು ಒಟ್ಟಿಗೆ ಹಿಡಿಯುವ ಮರದ ಸ್ಲೀಪರ್ ಗೆದ್ದಿತು.

ಗುಡ್ಡವನ್ನು ನೇರ ಸೀಳಿಕೊಂಡು ಇಳಿಯುವ ಅಗಲ ದಾರಿ ಕಂಡರೆ ಅದರ ನೆತ್ತಿಗೆ ಹತ್ತಿ ನೋಡಿ. ಎರಡು ಗಟ್ಟಿ ಗೋಡೆಗಳ ಮೋಟು ಸಿಕ್ಕರೆ ಅಲ್ಲಿ ಹಗ್ಗದ ರಾಟೆ ಇತ್ತು. ತುಂಬಿದ ಬಂಡಿ ಇಳಿಯುವ ಭಾರಕ್ಕೇ ಖಾಲಿ ಬಂಡಿ ಮೇಲೆ ಬರುತ್ತಿತ್ತು.

ಪ್ರಶ್ನೆ: ಸುಣ್ಣದ ಗೂಡಿನ ಕಮಾನಿನೊಳಗೆ ಹೋಗಿ ನೋಡಬಹುದೇ?

ಉತ್ತರ: ಕಮಾನಿನ ಹೊರಗೆ ನಿಂತು ಟಾರ್ಚು ಬಿಟ್ಟು ನೋಡಿ, ಅಷ್ಟೇ ಸಾಕು. ಹಳೆಯ ಕಮಾನಿನ ನೆತ್ತಿಗಲ್ಲು ಗಾರೆ ಕಳೆದುಕೊಂಡು ಬೇರಿನ ಹಿಡಿತದಲ್ಲಿ ಮಾತ್ರ ನಿಂತಿರಬಹುದು. ಮೇಲ್ಭಾಗ ಇನ್ನೂ ಅಪಾಯ. ಗೂಡನ್ನು ದರೆಗೆ ಒತ್ತಿ ಕಟ್ಟುತ್ತಿದ್ದುದರಿಂದ ಮೇಲಿನ ಬಾಯಿ ನೆಲಮಟ್ಟದಲ್ಲೇ ಇರುತ್ತದೆ, ಬಳ್ಳಿ ಮುಚ್ಚಿದರೆ ಹಲವು ಮೀಟರ್ ಆಳದ ಬಟ್ಟಲು ಕಾಣುವುದೇ ಇಲ್ಲ.

ಮೇಲಿನಿಂದ ಒಂದು ಪದರ ಉರುವಲು, ಒಂದು ಪದರ ಸುಣ್ಣಕಲ್ಲು ಹಾಕುತ್ತಾ ಬಂದು, ಕೆಳಗಿನ ಕಮಾನಿನಿಂದ ಬೆಂದದ್ದನ್ನು ಎಳೆದುಕೊಳ್ಳುತ್ತಿದ್ದರು. ಸುಮಾರು 900 ಡಿಗ್ರಿಯಲ್ಲಿ ಕಲ್ಲು ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಡುತ್ತದೆ. ಶುದ್ಧ ಸುಣ್ಣಕಲ್ಲು 100 ಕಿಲೋ ಹಾಕಿದರೆ 56 ಕಿಲೋ ಸುಟ್ಟ ಸುಣ್ಣ ಬರುತ್ತದೆ. ಕಲ್ಲು ತೀರಾ ದೊಡ್ಡದಾದರೆ ನಡುವಿನ ತಿರುಳು ಬೇಯದೆ ಉಳಿಯುತ್ತದೆ. ಚಿಕ್ಕದಾದರೆ ಗಾಳಿಯಾಡುವುದಿಲ್ಲ. ಅತಿಯಾಗಿ ಸುಟ್ಟರೆ ನೀರು ಹಾಕಿದಾಗ ಅರಳುವುದಿಲ್ಲ. ಹೀಗೆ ಕೆಟ್ಟ ಕಲ್ಲುಗಳನ್ನು ಗೂಡಿನ ಮುಂದೆಯೇ ಎಸೆಯುತ್ತಿದ್ದರು. ಹೊರಮೈ ಪುಡಿಪುಡಿ, ಒಳಗೆ ಗಟ್ಟಿ ಕಲ್ಲು, ಅಂಥ ತುಂಡುಗಳ ದಿಬ್ಬ ಸಿಕ್ಕರೆ ಕಮಾನು ಬಿದ್ದುಹೋಗಿದ್ದರೂ ಅದು ಸುಣ್ಣದ ಗೂಡೇ.

ಪ್ರಶ್ನೆ: ಬಳೆಯಂಥ ದಿಬ್ಬವಿರುವ ಗುಂಡಿಗಳು ಹತ್ತಾರು ಒಂದೇ ಕಡೆ ಇವೆ. ಹತ್ತಿರದಲ್ಲೇ ಸುರಂಗದ ಬಾಯಿ. ಇಪ್ಪತ್ತು ಅಡಿ ಒಳಗೆ ಹೋಗಿಬಂದರೆ ತೊಂದರೆಯೇ?

ಉತ್ತರ: ಹೋಗಬೇಡಿ. ಕಾರಣಗಳನ್ನು ಬಿಡಿಸಿ ಹೇಳುತ್ತೇವೆ, ಏಕೆಂದರೆ "ಅಪಾಯ" ಎಂಬ ಫಲಕಕ್ಕೆ ಜನ ಕಿವಿಗೊಡುವುದಿಲ್ಲ.

ಆ ಗುಂಡಿಗಳು ಗಂಟೆಯಾಕಾರದ ಗಣಿಗಳು. ಒಬ್ಬ ಇಳಿಯುವಷ್ಟು ಅಗಲದ ಬಾವಿ ತೋಡಿ, ಅದಿರಿನ ಪದರ ಸಿಕ್ಕಮೇಲೆ ತಳವನ್ನು ಸುತ್ತ ಅಗಲಿಸುತ್ತಿದ್ದರು. ಛಾವಣಿ ಬೀಳುವ ಲಕ್ಷಣ ಕಂಡೊಡನೆ ಬಿಟ್ಟು, ಪಕ್ಕದಲ್ಲಿ ಇನ್ನೊಂದು. ಹಾಗಾಗಿಯೇ ಗುಂಪು. ಕುಸಿದವು ಬಟ್ಟಲಾಗಿ ಕಾಣುತ್ತವೆ. ಕುಸಿಯದವುಗಳ ಬಾಯಿಗೆ ಮರದ ಹಲಗೆ ಹಾಕಿ ಮಣ್ಣು ಮುಚ್ಚಿರಬಹುದು, ಆ ಹಲಗೆ ಎಂದೋ ಕೊಳೆತಿರುತ್ತದೆ. ಬಟ್ಟಲಿನೊಳಗೆ ಇಳಿಯಬೇಡಿ, ಎಲೆರಾಶಿಯ ಮೇಲೆ ಕಾಲಿಡಬೇಡಿ, ಮಕ್ಕಳ ಕೈ ಹಿಡಿದೇ ದಾರಿಯಲ್ಲಿ ನಡೆಯಿರಿ.

ಸುರಂಗದ ವಿಷಯ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ. 21. ಒಳಗೆ ಕೊಳೆಯುವ ಮರ, ತುಕ್ಕು ಹಿಡಿಯುವ ಖನಿಜ ಎರಡೂ ಅದನ್ನು ತಿನ್ನುತ್ತವೆ. ಶೇ. 16ರ ಸುಮಾರಿಗೆ ಮೇಣದಬತ್ತಿ ಆರುತ್ತದೆ, ಮನುಷ್ಯನ ವಿವೇಚನೆಯೂ ಮಂಕಾಗುತ್ತದೆ. ಶೇ. 10ಕ್ಕಿಂತ ಕೆಳಗೆ ಪ್ರಜ್ಞೆ ತಪ್ಪುತ್ತದೆ. ವಾಸನೆ ಇರುವುದಿಲ್ಲ, ಎಲ್‌ಇಡಿ ಟಾರ್ಚು ಆರುವುದೂ ಇಲ್ಲ. ವಾಯುಭಾರ ಕುಸಿದ ದಿನ, ಅಂದರೆ ಮಳೆಗಾಳಿ ಬರುವ ಮುಂಚೆ, ಕೆಟ್ಟ ಗಾಳಿ ಸುರಂಗದ ಬಾಯಿಯವರೆಗೂ ಹೊರಬರುತ್ತದೆ. ನೆಲವನ್ನೂ ನಂಬುವಂತಿಲ್ಲ. ಕೆಳಗಿನ ಬಾವಿಯ ಬಾಯಿಗೆ ಹಲಗೆ ಹಾಸಿ ಮೇಲೆ ಕಲ್ಲುಪುಡಿ ಹರಡಿರುವುದುಂಟು, ನೋಡಿದರೆ ಗಟ್ಟಿ ನೆಲದ ಹಾಗೇ ಕಾಣುತ್ತದೆ. ಜೊತೆಗಾರರು ಬಿದ್ದರೆ ಹಿಂದೆಯೇ ಇಳಿಯಬೇಡಿ. ಹೊರಗೆ ಬಂದು, ಜಾಗ ಗುರುತು ಹಾಕಿಕೊಂಡು, ತುರ್ತು ಸೇವೆಗೆ ಕರೆ ಮಾಡಿ.

ಪ್ರಶ್ನೆ: ಗಣಿ ಬಾಯಿಯಿಂದ ಕಿತ್ತಳೆ ಬಣ್ಣದ ನೀರು ಬರುತ್ತದೆ, ಮೇಲೆ ಎಣ್ಣೆಯಂಥ ಪೊರೆ. ಯಾರೋ ಡೀಸೆಲ್ ಚೆಲ್ಲಿದ್ದಾರೆಯೇ?

ಉತ್ತರ: ಕಡ್ಡಿಯಿಂದ ಪೊರೆಯನ್ನು ಕಲಕಿ. ಮುರಿದು ಮೂಲೆಮೂಲೆಯ ಚಕ್ಕೆಗಳಾಗಿ ಬಿಟ್ಟುಹೋದರೆ ಅದು ಕಬ್ಬಿಣದಿಂದ ಬದುಕುವ ಬ್ಯಾಕ್ಟೀರಿಯಾದ ಪೊರೆ. ಸುಳಿದು ಮತ್ತೆ ಕೂಡಿಕೊಂಡರೆ ಎಣ್ಣೆ. ಕಿತ್ತಳೆ ಬಣ್ಣ ಕಬ್ಬಿಣದ್ದು. ಗಣಿಯೊಳಗಿನ ಗಂಧಕ ಬೆರೆತ ಖನಿಜಕ್ಕೆ ನೀರು, ಗಾಳಿ ತಗುಲಿದಾಗ ಆಮ್ಲವೂ ಕರಗಿದ ಕಬ್ಬಿಣವೂ ಹುಟ್ಟುತ್ತವೆ, ಹೊರಗೆ ಬಂದಾಗ ಕಬ್ಬಿಣ ಕೆಸರಾಗಿ ಇಳಿಯುತ್ತದೆ. ಅದರ ಜೊತೆ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ ಇರಬಹುದು. ಸೋಸಿದರೂ ಕುದಿಸಿದರೂ ಇವು ಹೋಗುವುದಿಲ್ಲ. ಕುಡಿಯಬೇಡಿ, ನಾಯಿಗೂ ಕುಡಿಸಬೇಡಿ. ಸುತ್ತ ಕಾಡು ದಟ್ಟವಾಗಿದ್ದು ಒಂದು ದಿಬ್ಬ ಮಾತ್ರ ಬೋಳಾಗಿದ್ದರೆ ಅಲ್ಲಿ ಕೂತು ಊಟ ಬಿಚ್ಚಬೇಡಿ, ಮಣ್ಣಿನಲ್ಲಿ ಲೋಹ ಹೆಚ್ಚಿರುವುದೇ ಗಿಡ ಬೆಳೆಯದಿರಲು ಕಾರಣ ಇರಬಹುದು.

ಪ್ರಶ್ನೆ: ಕೈಗಾರಿಕೆಯೇ ಕಾಡನ್ನು ತಿಂದಿತು ಎಂದು ಓದಿದ್ದೇವೆ. ಹಾಗಾದರೆ ಅಲ್ಲೇ ಕಾಡು ಉಳಿದದ್ದು ಹೇಗೆ?

ಉತ್ತರ: ತಿಂದ ಕಡೆಗಳೂ ಇವೆ. ಆದರೆ ವರ್ಷವರ್ಷ ಇದ್ದಿಲು ಬೇಕಿದ್ದವರು ಕಾಡನ್ನು ಬುಡಸಮೇತ ತೆಗೆಯುವಂತಿರಲಿಲ್ಲ. ಓಕ್, ಹೇಝಲ್ ಮುಂತಾದ ಮರಗಳನ್ನು ಬುಡದ ಹತ್ತಿರ ಕಡಿದರೆ ಕೂಳೆಯಿಂದ ಹತ್ತಾರು ಚಿಗುರು ಏಳುತ್ತವೆ. ಕಾಡನ್ನು ತುಂಡುತುಂಡಾಗಿ ಹಂಚಿ, ವರ್ಷಕ್ಕೊಂದು ತುಂಡು ಕಡಿಯುತ್ತಾ, ಹದಿನೈದಿಪ್ಪತ್ತು ವರ್ಷಕ್ಕೆ ಮೊದಲ ತುಂಡಿಗೆ ಮರಳುತ್ತಿದ್ದರು. ದನಕರು ಚಿಗುರು ಮೇಯದಂತೆ ಹಾಕಿದ ಮಣ್ಣಿನ ಏರಿ ಮತ್ತು ಕಂದಕ ಇಂದಿಗೂ ಕಾಡಿನ ಅಂಚಿನಲ್ಲಿ ಕಾಣುತ್ತದೆ. 1709ರಲ್ಲಿ ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲಿನಲ್ಲಿ ಅಬ್ರಹಾಂ ಡಾರ್ಬಿ ಕೋಕ್, ಅಂದರೆ ಗಾಳಿಯಾಡದಂತೆ ಬೇಯಿಸಿದ ಕಲ್ಲಿದ್ದಲು, ಬಳಸಿ ಕಬ್ಬಿಣ ಕರಗಿಸಿದ ನಂತರ, ನಿಧಾನವಾಗಿ, ಕುಲುಮೆಗಳು ಕಲ್ಲಿದ್ದಲಿನತ್ತ ಹೋದವು. ಇದ್ದಿಲಿನ ಬೇಡಿಕೆ ಇಳಿದಂತೆ ಕೂಳೆಕಾಡಿನ ಕಡಿತವೂ ನಿಲ್ಲುತ್ತಾ ಬಂತು. ಒಂದೇ ಬುಡದಿಂದ ನಾಲ್ಕೈದು ದಪ್ಪ ಕಾಂಡಗಳು ವೃತ್ತಾಕಾರವಾಗಿ ಎದ್ದಿರುವ ಮರ ಕಂಡರೆ, ಆ ಕಾಂಡಗಳ ವಯಸ್ಸು ಅಲ್ಲಿ ಕೊನೆಯ ಬಾರಿ ಕೊಡಲಿ ಬಿದ್ದ ಕಾಲವನ್ನು ಹೇಳುತ್ತದೆ. ಬುಡ ಮಾತ್ರ ಅದಕ್ಕಿಂತ ಎಷ್ಟೋ ಹಳೆಯದು.

ಪ್ರಶ್ನೆ: ಕುಸಿದ ಗೋಡೆಯ ಮೇಲೆ ಮರ ಬೆಳೆದಿದೆ. ಅದರಿಂದ ಕಾಲ ಹೇಳಬಹುದೇ?

ಉತ್ತರ: "ಇಷ್ಟು ವರ್ಷಕ್ಕಿಂತ ಮೊದಲೇ ಪಾಳು ಬಿದ್ದಿತ್ತು" ಎಂದು ಮಾತ್ರ ಹೇಳಬಹುದು. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆಯಿರಿ. ಬ್ರಿಟನ್ನಿನ ಬಹಳಷ್ಟು ಮರಗಳಿಗೆ ಬಳಕೆಯಲ್ಲಿರುವ ಅಂದಾಜು: ಬಯಲಲ್ಲಿ ಬೆಳೆದದ್ದಕ್ಕೆ ವರ್ಷಕ್ಕೆ 2.5 ಸೆಂ.ಮೀ., ಒತ್ತಾದ ಕಾಡಿನಲ್ಲಿ 1.25 ಸೆಂ.ಮೀ. ಕಾಡಿನ ಮರ 150 ಸೆಂ.ಮೀ. ಇದ್ದರೆ ಸುಮಾರು 120 ವರ್ಷ. ಇದನ್ನು ಉಷ್ಣವಲಯದ ಮರಗಳಿಗೂ ಬೇಗ ಬೆಳೆಯುವ ಜಾತಿಗಳಿಗೂ ಹಾಕಬೇಡಿ. ಬರೀ ಕಲ್ಲಿನ ಮೇಲೆ ಬೆಳೆದ ಮರ ಇನ್ನೂ ನಿಧಾನ.

ಪ್ರಶ್ನೆ: ಬಂಡೆಯ ಅಂಚಿನಲ್ಲಿ ಸಾಲಾಗಿ ಅರ್ಧ ತೂತುಗಳಿವೆ. ಏನದು?

ಉತ್ತರ: ಬೆರಳು ಹೋಗುವಷ್ಟು ದಪ್ಪ, ಗೇಣಿಗೂ ಕಡಿಮೆ ಆಳದ ತೂತುಗಳು ಹತ್ತಿರ ಹತ್ತಿರ ಇದ್ದರೆ ಬಂಡೆ ಸೀಳಿದ ಗುರುತು. ತೂತಿನಲ್ಲಿ ಎರಡು ಬಾಗಿದ ಕಬ್ಬಿಣದ ಪಟ್ಟಿ ಇಳಿಸಿ, ನಡುವೆ ಬೆಣೆ ಇಟ್ಟು, ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸರದಿಯಲ್ಲಿ ಬಡಿಯುತ್ತಾ ಹೋದರೆ ಕಲ್ಲು ಗೆರೆ ಹಿಡಿದು ಬಿರಿಯುತ್ತದೆ. ಒಂದೇ ಬೆಣೆಯನ್ನು ಒಮ್ಮೆಲೇ ಬಡಿದರೆ ಅಡ್ಡಾದಿಡ್ಡಿ ಸೀಳುತ್ತದೆ. ಅಂಥ ಕೆಟ್ಟ ಕಲ್ಲುಗಳು ಅಲ್ಲೇ ಬಿದ್ದಿರುತ್ತವೆ. ದುಂಡು ತೂತಿನ ಬದಲು ಉಳಿಯಿಂದ ಕಡಿದ ಉದ್ದುದ್ದ ಕಚ್ಚುಗಳಿದ್ದರೆ ಸಾಮಾನ್ಯವಾಗಿ ಅದಕ್ಕಿಂತ ಹಳೆಯ ಕೆಲಸ. ಒಂದು ಮೀಟರಿಗೂ ಉದ್ದದ ಒಂಟಿ ತೂತು ಸಿಡಿಮದ್ದಿನದು. ಅಲ್ಲಿ ತಂತಿ ಸಿಕ್ಕಿಸಿದ ಚಿಕ್ಕ ಲೋಹದ ಕೊಳವೆಯಂಥದ್ದು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

ಪ್ರಶ್ನೆ: ಹೊರಡುವ ಮೊದಲು ಮನೆಯಲ್ಲೇ ಏನು ಸಿದ್ಧತೆ? ಅಲ್ಲಿ ಏನು ದಾಖಲಿಸಬೇಕು?

ಉತ್ತರ: ವಿಮಾನದಿಂದ ಲೇಸರ್ ಬಿಟ್ಟು ನೆಲ ಅಳೆಯುವ ಲೈಡಾರ್ ನಕ್ಷೆಗಳನ್ನು ಹಲವು ದೇಶಗಳು ಉಚಿತವಾಗಿ ಕೊಡುತ್ತವೆ. ಎಲೆಗಳ ಸಂದಿಯಿಂದ ನೆಲ ಮುಟ್ಟಿದ ಕಿರಣಗಳನ್ನಷ್ಟೇ ಆರಿಸಿದರೆ ಮರವಿಲ್ಲದ ಕಾಡು ಕಾಣುತ್ತದೆ. ಮೀಟರಿಗೊಂದು ಬಿಂದು ಇದ್ದರೆ ಇದ್ದಿಲ ತಟ್ಟು ಸಿಗುತ್ತದೆ, ದಿಮ್ಮಿ ಕೊಯ್ಯಲು ತೋಡಿದ ಗರಗಸದ ಗುಂಡಿಗೆ ಅರ್ಧ ಮೀಟರಿನದು ಬೇಕು. ನೆರಳನ್ನು ಒಂದೇ ದಿಕ್ಕಿನಿಂದ ಹಾಕಿ ನೋಡಬೇಡಿ. ಬೆಳಕಿಗೆ ಸಮಾನಾಂತರವಾದ ಕಾಲುವೆ, ಏರಿಗಳು ಮಾಯವಾಗುತ್ತವೆ. ನಾಲ್ಕು ದಿಕ್ಕಿನಿಂದಲೂ ನೋಡಿ. ಬ್ರಿಟನ್ನಿಗಾದರೆ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಹಳೆಯ ಸರ್ವೆ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಹೊದಿಸಿ ನೋಡುವ ಸೌಲಭ್ಯವಿದೆ.

ಜಾಗದಲ್ಲಿ ಮೊದಲು ದೂರದಿಂದ ಒಂದು ಫೋಟೊ, ಆಮೇಲೆ ಅಳತೆಕೋಲು ಇಟ್ಟು ಹತ್ತಿರದಿಂದ. ಯಾವ ದಿಕ್ಕಿಗೆ ಮುಖ ಮಾಡಿ ತೆಗೆದಿರಿ ಎಂದು ಬರೆದುಕೊಳ್ಳಿ. ಎಲೆಗಳ ಕೆಳಗೆ ಜಿಪಿಎಸ್ ಹತ್ತಾರು ಮೀಟರ್ ತಪ್ಪಬಹುದು, ಒಂದೆರಡು ನಿಮಿಷ ನಿಂತು ಸರಾಸರಿ ತೆಗೆದುಕೊಳ್ಳಿ. ಕಿಟ್ಟ, ಇಟ್ಟಿಗೆ, ಮೊಳೆ ಯಾವುದನ್ನೂ ಜೇಬಿಗೆ ಹಾಕಬೇಡಿ. ಇದ್ದಲ್ಲಿ ಇದ್ದರೆ ಅದು ಸಾಕ್ಷಿ, ಮನೆಗೆ ತಂದರೆ ಬರೀ ಕಲ್ಲು. ರಕ್ಷಿತ ಸ್ಮಾರಕವಾದರೆ ಕಾನೂನಿನ ತೊಡಕೂ ಇದೆ.

ಪ್ರಶ್ನೆ: ಮಕ್ಕಳು ವಿದೇಶದಲ್ಲಿದ್ದಾರೆ, ಹೋದಾಗ ನೋಡಬಹುದಾದ ಇಂಥ ಜಾಗಗಳನ್ನು ತಿಳಿಸಿ. ನಮಗೆ ಹೆಚ್ಚು ಏರು ಹತ್ತಲಾಗದು.

ಉತ್ತರ: ಏರು ಬೇಡವೆಂದರೆ ಜರ್ಮನಿಯ ಮೇಲಿನ ಹಾರ್ಜ್ ಪ್ರದೇಶ. ಗಣಿಗಳ ಚಕ್ರ ತಿರುಗಿಸಲು ಕಾಡಿನೊಳಗೆ ನೂರಕ್ಕೂ ಹೆಚ್ಚು ಕೆರೆ ಕಟ್ಟಿ ಕಾಲುವೆಗಳಿಂದ ಜೋಡಿಸಿದ್ದಾರೆ. 2010ರಲ್ಲಿ ಈ ನೀರಿನ ವ್ಯವಸ್ಥೆ ಯುನೆಸ್ಕೊ ಪಟ್ಟಿಗೆ ಸೇರಿತು. ಕಾಲುವೆಯ ಪಕ್ಕದ ದಾರಿ ಕಾಲುವೆಯಷ್ಟೇ ಮಟ್ಟ, ಮಂಡಿನೋವಿನವರೂ ನಡೆಯಬಹುದು. ಫರ್ ಮರದಾಕಾರದ ಮರದ ಫಲಕಗಳು ಜಾಗದ ಚರಿತ್ರೆ ಹೇಳುತ್ತವೆ, ಜರ್ಮನ್ ಭಾಷೆಯಲ್ಲಿ.

ಇಂಗ್ಲೆಂಡಿನ ಸರ್ರಿಯ ಚಿಲ್‌ವರ್ತಿನಲ್ಲಿ ಟಿಲಿಂಗ್‌ಬೋರ್ನ್ ಹೊಳೆಯ ದಂಡೆಯ ಕಾಡಿನಲ್ಲಿ ಕೋವಿಮದ್ದಿನ ಗಿರಣಿಗಳ ಅವಶೇಷಗಳಿವೆ. ಈಸ್ಟ್ ಇಂಡಿಯಾ ಕಂಪನಿ 1626ರಲ್ಲಿ ಶುರು ಮಾಡಿದ್ದು, 1920ರವರೆಗೆ ನಡೆಯಿತು. ಮದ್ದಿನಲ್ಲಿ ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10 ಪಾಲು. ಭಾರತದಿಂದ ಹಡಗಿನಲ್ಲಿ ಹೋದ ಪೆಟ್ಲುಪ್ಪು ಇಂಗ್ಲೆಂಡಿನ ಇಂಥ ಗಿರಣಿಗಳನ್ನು ಬಹುಕಾಲ ನಡೆಸಿತು. ದಾರಿಯ ಬದಿಯಲ್ಲಿ ಬಿದ್ದಿರುವ ದೊಡ್ಡ ಬೀಸುಗಲ್ಲುಗಳನ್ನು ನೋಡಿ. ಕಟ್ಟಡಗಳು ಒಂದಕ್ಕೊಂದು ದೂರದೂರ ಇರುವುದನ್ನೂ ಗಮನಿಸಿ. ಒಂದು ಸಿಡಿದರೆ ಇನ್ನೊಂದಕ್ಕೆ ಹತ್ತದಿರಲಿ ಎಂದು ಹಾಗೆ ಕಟ್ಟುತ್ತಿದ್ದರು. ನೆಲ ಬಹುತೇಕ ಮಟ್ಟ.

ಇಂಗ್ಲೆಂಡಿನದೇ ಡಾರ್ಟ್‌ಮೂರಿನ ಹೇಟರ್‌ನಲ್ಲಿ 1820ರಲ್ಲಿ ಹಾಕಿದ ಟ್ರಾಮ್ ದಾರಿಯ ಹಳಿಗಳೇ ಗ್ರಾನೈಟ್. ತುಂಬಿದ ಬಂಡಿಗಳು ತಮ್ಮ ಭಾರಕ್ಕೆ ಇಳಿದು, ಖಾಲಿ ಬಂಡಿಗಳನ್ನು ಕುದುರೆಗಳು ಮೇಲೆಳೆಯುತ್ತಿದ್ದವು. ಮೇಲಿನ ಬಯಲಿನಲ್ಲಿ ಹಳಿ ಚೆನ್ನಾಗಿ ಕಾಣುತ್ತದೆ, ಕೆಳಗೆ ಯಾರ್ನರ್ ಕಾಡಿನೊಳಗೆ ಹುಡುಕಬೇಕು. ಮೇಲೆ ವಾಹನದಲ್ಲಿ ಇಳಿದು ಕೆಳಮುಖವಾಗಿ ನಡೆಯಿರಿ. ಮಳೆಯಾದ ದಿನ ಗ್ರಾನೈಟ್ ಹಳಿಯ ಮೇಲೆ ಕಾಲಿಟ್ಟರೆ ಜಾರುತ್ತದೆ, ಪಕ್ಕದ ಹುಲ್ಲಿನ ಮೇಲೆ ನಡೆಯುವುದು ಒಳ್ಳೆಯದು.

ಸಸೆಕ್ಸಿನ ಆಶ್‌ಡೌನ್ ಕಾಡಿನ ನ್ಯೂಬ್ರಿಡ್ಜ್‌ನಲ್ಲಿ 1496ರ ಊದುಕುಲುಮೆಯ ಜಾಗವಿದೆ, ಇಂಗ್ಲೆಂಡಿನ ಅತಿ ಹಳೆಯವುಗಳಲ್ಲಿ ಒಂದು. ಆ ಸೀಮೆಯ ಕೊನೆಯ ಊದುಕುಲುಮೆ, ಆಶ್‌ಬರ್ನ್‌ಹ್ಯಾಮಿನದು, 1813ರಲ್ಲಿ ಆರಿತು. ಕಟ್ಟಡ ನೋಡುವ ಆಸೆಯಿಂದ ನ್ಯೂಬ್ರಿಡ್ಜಿಗೆ ಹೋದರೆ ನಿರಾಶೆಯಾದೀತು. ಅಲ್ಲಿ ನೋಡಬೇಕಾದ್ದು ಏರಿಯ ಗುರುತು ಮತ್ತು ಕಿಟ್ಟ. ಅಂಥ ಕಾಡುಗಳಲ್ಲಿ ರಕ್ತ ಹೀರುವ ಉಣ್ಣಿಗಳ ಕಾಟ ಉಂಟು, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ ನಡೆಯಿರಿ, ವಾಪಸಾದ ಮೇಲೆ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಕಚ್ಚಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು, ಹಿಂಡದೆ, ನೇರ ಮೇಲಕ್ಕೆಳೆದು ತೆಗೆಯಿರಿ.